ಅವ್ವನ ಪಾಲಿನ ಹೆಸರು

ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು, ಆರುವಾಗ ಒಂದು ವಾಸನೆ ಬರುತ್ತದೆ. ಒಲೆಯ ಮೇಲೆ ಕುದಿಯುವಾಗ ಕರಿಮೆಣಸೂ ಕೊತ್ತಂಬರಿಯೂ ಕಾಚಂಪುಳಿಯ ಕಪ್ಪು ಹುಳಿಯೂ ಸೇರಿ ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆಯುತ್ತದಲ್ಲ, ಆ ವಾಸನೆಯಲ್ಲ. ಇಳಿಸಿ, ಮುಚ್ಚಳ ಹಾಕಿಟ್ಟು, ಮೇಲೆ ಕೊಬ್ಬು ಬೆಳ್ಳಗೆ ಪದರ ಕಟ್ಟತೊಡಗಿದಾಗ ಸಂದಿಯಿಂದ ಹೊರಬರುವ ಮಂಕಾದ, ಅವಸರವಿಲ್ಲದ ವಾಸನೆ. ಬೇರೆಯವರಿಗೆ ಅದು ಹಸಿವು ಕೆಡಿಸುವಂಥದ್ದು. ನನಗೆ ಅದು ಪ್ರಾರ್ಥನೆಯ ವಾಸನೆ. ಮೊನ್ನೆ ಭಾನುವಾರ ನಮ್ಮ ಸಭೆಯ ಹೊಸ ಪಾದ್ರಿಗಳು ಕುಶಾಲನಗರದ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಪಾದ್ರಿಗಳನ್ನು ನಾವು ಅಯ್ಯನವರೆಂದೇ ಕರೆಯುವುದು. ನಾನೂ ನನ್ನ ಗಂಡನೂ ಪ್ರಾರ್ಥನೆ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಎದ್ದು ತಟ್ಟೆ ಹಾಕತೊಡಗಿದೆವು. ಅಯ್ಯನವರು ಇನ್ನೂ ಕೈ ಮುಗಿದುಕೊಂಡೇ ಇದ್ದರು. "ಏನ್ ಪ್ರೇಮಕ್ಕ, ಆಮೆನ್ನೇ ಹೇಳ್ಲಿಲ್ವಲ್ಲ?" ಎಂದರು. ನಮ್ಮನೆಯಲ್ಲಿ ಹೇಳುವುದಿಲ್ಲ ಎಂದೆ. ಹುಡುಗ ವಯಸ್ಸಿನವರು, ಪಾಪ, ಗಾಬರಿಯಾದರು. "ಆಮೆನ್ ಇಲ್ದಿದ್ರೆ ಬಾಗ್ಲು ಹಾಕ್ದೆ ಬಿಟ್ಟಂಗಲ್ವಾ?" "ಹೂಂ, ಹಾಕ್ದೇ ಬಿಟ್ಟಿದೀವಿ. ನೀವು ಊಟ ಮಾಡಿ," ಎಂದೆ. ಅವರು ಊಟ ಮಾಡಿದರು, ಎರಡನೇ ಸಲವೂ ಹಾಕಿಸಿಕೊಂಡರು, ಆದರೆ ಹೋಗುವಾಗ ಮುಖದಲ್ಲಿ ಆ ಪ್ರಶ್ನೆ ಹಾಗೇ ಇತ್ತು. ಅವರಿಗೆ ಹೇಳಬೇಕಾಗಿದ್ದನ್ನು ನಿಮಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಹೀಗೊಂದು ಮುಗಿಯದೆ ಉಳಿದದ್ದು ಇರಬಹುದು.

ನನ್ನ ಅಪ್ಪ ಸುಂಟಿಕೊಪ್ಪದಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕೆಲಸದವರ ಸಾಲುಮನೆಗಳಾದ ಲೈನುಗಳಿಗಿಂತ ಸ್ವಲ್ಪ ಮೇಲೆ, ಕಾಫಿ ಒಣಗಿಸುವ ಕಣದ ಪಕ್ಕಕ್ಕೆ, ನಮಗೊಂದು ಕ್ವಾರ್ಟರ್ಸ್ ಇತ್ತು. ಎರಡು ಕೋಣೆ, ಒಂದು ನಡುಮನೆ, ಹೊಗೆಯಿಂದ ಕಪ್ಪಾದ ಅಡುಗೆಮನೆ. ಆ ಮನೆಯ ಯಜಮಾನಿಕೆ ಅಪ್ಪನದ್ದಲ್ಲ, ಅಪ್ಪನ ತಾಯಿ ಜ್ಞಾನಮ್ಮನದ್ದು. ಅಜ್ಜಿ ಹಾಸನದ ಕಡೆಯವಳು. ಗಂಡ ಸತ್ತ ಮೇಲೆ ಮಗನನ್ನು ಸೊಂಟದಲ್ಲಿ ಎತ್ತಿಕೊಂಡು ಹಣ್ಣು ಕುಯ್ಯುವ ಕೆಲಸ ಹುಡುಕಿಕೊಂಡು ಈ ಕಡೆ ಬಂದವಳು. ಓದಿದ್ದು ಕಮ್ಮಿ, ಸತ್ಯವೇದವನ್ನು, ಅಂದರೆ ಬೈಬಲ್ಲನ್ನು, ಮಾತ್ರ ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದಳು. ಆದರೆ ದೇವರ ಹೆಸರುಗಳ ವಿಷಯಕ್ಕೆ ಬಂದರೆ ಅಜ್ಜಿಗೆ ಅವಳದೇ ಒಂದು ಪದ್ಧತಿ ಇತ್ತು. ಅದನ್ನು ನಾನು ಬೇರೆ ಯಾವ ಮನೆಯಲ್ಲೂ ಕಂಡಿಲ್ಲ. ದೇವರಿಗೆ ಹೆಸರು ಬಹಳ. ಎಲ್ಲವನ್ನೂ ಒಬ್ಬರೇ ಕರೆದು ಪೂರೈಸುವುದಕ್ಕೆ ಆಗುವುದಿಲ್ಲ. ಅದಕ್ಕೇ ಮನೆಯವರು ಹಂಚಿಕೊಳ್ಳಬೇಕು ಎನ್ನುವುದು ಅವಳ ಲೆಕ್ಕಾಚಾರ. ಒಬ್ಬೊಬ್ಬರಿಗೆ ಒಂದು ಹೆಸರು, ಅದು ಅವರ ಪಾಲು. ಸಂಜೆಯ ಪ್ರಾರ್ಥನೆಯಲ್ಲಿ ಸರದಿಯ ಮೇಲೆ ಅವರವರ ಪಾಲಿನ ಹೆಸರಿನಿಂದ ಅವರವರೇ ದೇವರನ್ನು ಕರೆಯಬೇಕು. ಒಬ್ಬರದ್ದನ್ನು ಇನ್ನೊಬ್ಬರು ಕರೆಯುವಂತಿಲ್ಲ. ಕೊನೆಯವರು ಮುಗಿಸಿದ ಮೇಲೇ ಎಲ್ಲರೂ ಸೇರಿ ಆಮೆನ್. ಅಲ್ಲಿಯವರೆಗೆ ಅನ್ನಕ್ಕೆ ಕೈ ಹಾಕುವ ಮಾತೇ ಇಲ್ಲ.

ಅಜ್ಜಿಯ ಪಾಲು ಯೆಹೋವ ಯೀರೆ, ಒದಗಿಸುವವನು. "ಒದಗಿಸ್ತಾನೆ ಅಂದ್ರೆ ಮುಂಚೇನೇ ತಂದು ಕೈಲಿಡ್ತಾನೆ ಅಂದ್ಕಬೇಡಿ. ವೇದದಲ್ಲಿ ಆ ಮುದುಕ ಬಲಿಗೆ ಅಂತ ಮಗನ್ನ ಕಟ್ಟಿ ಮಲಗ್ಸಿ ಕತ್ತಿ ಎತ್ತಿದ ಮೇಲೇ ಬದ್ಲಿಗೆ ಟಗರು ಕಾಣಿಸ್ತು," ಎಂದು ಹೇಳುವಾಗ ಅವಳ ದನಿಯಲ್ಲಿ ದೇವರ ಮೇಲೆ ಒಂದಿಷ್ಟು ಮುನಿಸೂ ಇರುತ್ತಿತ್ತು. ಅಪ್ಪನದು ಕುರುಬನು ಎಂಬ ಹೆಸರು. ನನ್ನ ತಮ್ಮ ಪ್ರಕಾಶನದು ಯೆಹೋವ ನಿಸ್ಸಿ, ನನ್ನ ಧ್ವಜ ಎಂದು ಅರ್ಥ. ಅವನು ಸಿಕ್ಕಿದ ಕೋಲಿಗೆಲ್ಲ ಬಟ್ಟೆ ಕಟ್ಟಿ ಎತ್ತಿಕೊಂಡು ಓಡುತ್ತಿದ್ದನಾದ್ದರಿಂದ ಅಜ್ಜಿ ಅದನ್ನೇ ಕೊಟ್ಟಳು. ನನ್ನದು, ನನ್ನನ್ನು ನೋಡುವ ದೇವರು. ಬೆಲ್ಲದ ಡಬ್ಬಿಗೆ ಕೈ ಹಾಕುವವಳಿಗೆ ತಕ್ಕ ಹೆಸರೆಂದು ಅಪ್ಪ ನಗುತ್ತಿದ್ದರು. ಅಜ್ಜಿ ಮಾತ್ರ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೇರೆಯೇ ಹೇಳಿದಳು. ಮನೆಯಿಂದ ಹೊರಬಿದ್ದ ಒಬ್ಬಳು ದಾಸಿ, ಹಾಗರಳು, ಮರುಭೂಮಿಯಲ್ಲಿ ನೀರಿನ ಬುಗ್ಗೆಯ ಹತ್ತಿರ ಕೂತಿದ್ದಾಗ ದೇವರಿಗೆ ತಾನೇ ಇಟ್ಟ ಹೆಸರಂತೆ ಅದು. "ದೊಡ್ಡ ದೊಡ್ಡೋರೆಲ್ಲ ಅವನ ಹೆಸ್ರು ಕೇಳಿ ತಿಳ್ಕೊಂಡ್ರು ಕಣೇ. ಇವಳು ತಾನೇ ಇಟ್ಟಳು," ಎಂದಳು. ಆವತ್ತಿನಿಂದ ನನಗೆ ನನ್ನ ಹೆಸರಿನ ಮೇಲೆ ಭಾರೀ ಜಂಬ.

ಇನ್ನು ಅವ್ವನ ಪಾಲು. ಅವ್ವನ ಹೆಸರು ದಯಾಮಣಿ, ಊರು ಸಂಪಾಜೆ. ಘಟ್ಟ ಹತ್ತುವ ಬಸ್ಸುಗಳು ರೇಡಿಯೇಟರಿಗೆ ನೀರು ಹಾಕಿಕೊಳ್ಳಲು ನಿಲ್ಲುತ್ತಿದ್ದ ಕಡೆ ಅವಳ ಅಪ್ಪನ ಟೀ ಅಂಗಡಿ ಇತ್ತು. ಅವ್ವನಿಗೆ ಹುಟ್ಟಿನಿಂದಲೇ ಮಾತು ತೊದಲುತ್ತಿತ್ತು. ಸುಮ್ಮನೆ ತೊದಲುವುದಲ್ಲ, ಕೆಲವು ಅಕ್ಷರಗಳ ಮುಂದೆ ಮಾತು ಪೂರಾ ನಿಂತುಬಿಡುತ್ತಿತ್ತು. ಕತ್ತಿನ ನರ ಉಬ್ಬಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ತುಟಿ ನಡುಗಿ, ನೋಡುವವರಿಗೇ ಉಸಿರು ಕಟ್ಟುತ್ತಿತ್ತು. ಎಲ್ಲಕ್ಕಿಂತ ಕಷ್ಟದ್ದು ದಕಾರ. ಮದುವೆಯಾಗಿ ಬಂದ ಸಂಜೆ ಅಜ್ಜಿ ಸೊಸೆಯನ್ನು ಕೂರಿಸಿಕೊಂಡು, ದೇವರ ಹೆಸರುಗಳನ್ನೆಲ್ಲ ಹೇಳಿ, ನಿನ್ನ ಪಾಲಿಗೆ ಯಾವುದು ಬೇಕೋ ಆರಿಸಿಕೋ ಎಂದಳಂತೆ. ಇಮ್ಮಾನುವೇಲ ಸಲೀಸು, ಅದನ್ನೇ ಇಟ್ಟುಕೋ ಎಂದು ಅಪ್ಪ ಪಕ್ಕದಿಂದ ಪಿಸುಗುಟ್ಟಿದರಂತೆ. ಅವ್ವ ಆರಿಸಿದ್ದು ದೀರ್ಘಶಾಂತನು. ಬೇಗ ಕೋಪಿಸಿಕೊಳ್ಳದವನು, ಬಹಳ ಕಾಲ ತಾಳಿಕೊಳ್ಳುವವನು. ಮೊದಲ ಅಕ್ಷರವೇ ದಕಾರ! ಯಾಕವ್ವಾ ಹಾಗೆ ಮಾಡಿದೆ ಎಂದು ದೊಡ್ಡವಳಾದ ಮೇಲೆ ಕೇಳಿದ್ದೆ. ಅವ್ವ ತನ್ನ ಅಪ್ಪನ ವಿಷಯ ಹೇಳಿದಳು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರೂ, ಟೀಗೆ ಜನ ಬಾಯಿ ಮಾಡುತ್ತಿದ್ದರೂ, ಮಗಳು ಏನೋ ಹೇಳಲು ಬಾಯಿ ತೆರೆದರೆ ಆತ ಟೀ ಸೋಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದು ಹಾಗೇ ನಿಲ್ಲುತ್ತಿದ್ದನಂತೆ, ಮಾತು ಮುಗಿಯುವವರೆಗೂ. "ದೇ... ದೇವರು ಹಾಗೆ ಅಂತ ನಂಗೆ ಗೊತ್ತಿತ್ತು. ಬೇರೆ ಹೆಸರು ಎಂತಕ್ಕೆ?" ಎಂದಳು ಅವ್ವ.

ಸರದಿಯಲ್ಲಿ ಅವ್ವ ಕೊನೆಯವಳು. ನಡುಮನೆಯ ಚಾಪೆಯ ಮೇಲೆ ಕೂತು ನಾವೆಲ್ಲ ನಮ್ಮ ನಮ್ಮ ಹೆಸರನ್ನು ಕರೆದು ಮುಗಿಸಿರುತ್ತಿದ್ದೆವು. ಅಡುಗೆಮನೆಯಲ್ಲಿ ಸಾರು ಇಳಿಸಿ ಇಟ್ಟಿರುತ್ತಿತ್ತು. ಕಣದಿಂದ ಒಣಗುವ ಕಾಫಿ ಹಣ್ಣಿನ ಹುಳಿ ಬೆರೆತ ಗಾಳಿ, ಕೆಳಗಿನ ಲೈನುಗಳಿಂದ ತಮಿಳು ರೇಡಿಯೋ. ಆಮೇಲೆ ಅವ್ವ. ದಕಾರದ ಮುಂದೆ ಬಂದು ಅವಳು ನಿಲ್ಲುತ್ತಿದ್ದಳು, ನಾವು ಕಾಯುತ್ತಿದ್ದೆವು. ಪ್ರಕಾಶನ ಹೊಟ್ಟೆ ಗುರ್ ಎನ್ನುತ್ತಿತ್ತು. ಸಾರು ಆರಿ ಕೊಬ್ಬು ಕಟ್ಟುತ್ತಿದ್ದ ವಾಸನೆ ನಿಧಾನವಾಗಿ ನಡುಮನೆಗೆ ಬರುತ್ತಿತ್ತು. ಕೆಲವು ಸಂಜೆ ಅವಳ ಮಾತು ಬೇಗ ಬಿಡಿಸಿಕೊಳ್ಳುತ್ತಿತ್ತು, ಕೆಲವು ಸಂಜೆ ದೀಪಕ್ಕೆ ಮತ್ತೆ ಎಣ್ಣೆ ಹಾಕಬೇಕಾಗುತ್ತಿತ್ತು. ಅಪ್ಪನಿಂದ ತಡೆಯಲಾಗುತ್ತಿರಲಿಲ್ಲ. ಅವರಿಗೆ ಅವ್ವ ಎಂದರೆ ಜೀವ. ಹೆಂಡತಿಯ ಕತ್ತಿನ ನರ ಉಬ್ಬಿದ್ದನ್ನು ಕಂಡರೆ ಅವರ ಬಾಯಿಂದ ತಾನಾಗಿ, ಮೆಲ್ಲಗೆ, "ದೀರ್ಘ..." ಎಂದು ಹೊರಬೀಳುತ್ತಿತ್ತು. ಆಗ ಅಜ್ಜಿ ಕಣ್ಣು ತೆರೆಯದೆಯೇ ಗದರುತ್ತಿದ್ದಳು. "ಸಮುವೇಲ! ಅವ್ಳ ದೇವರನ್ನ ನೀ ಯಾಕ್ಲಾ ಕರೀತೀಯ? ನಿಂದು ಮುಗೀತಲ್ಲ, ಸುಮ್ಕೆ ಕೂತ್ಕೋ." ಅನ್ನ ಆರಿದರೆ ಬಿಸಿ ಮಾಡಬಹುದು ಎನ್ನುವುದು ಅವಳ ಇನ್ನೊಂದು ಮಾತು. ಅದನ್ನು ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು.

ಹೆಸರಿನ ಹಾಗೆ ವರಗಳ ವಿಷಯದಲ್ಲೂ ಅಜ್ಜಿಗೆ ಗಟ್ಟಿ ಅಭಿಪ್ರಾಯಗಳಿದ್ದವು. ಪವಿತ್ರಾತ್ಮನು ವರವಿಲ್ಲದೆ ಯಾರನ್ನೂ ಬಿಟ್ಟಿಲ್ಲ, ಮೈಗೆ ಕಣ್ಣೂ ಬೇಕು ಕಾಲಿನ ಹೆಬ್ಬೆರಳೂ ಬೇಕು ಎನ್ನುತ್ತಿದ್ದಳು. ಅಪ್ಪನಿಗೆ ಸಿಕ್ಕಿದ್ದು ಪರಸಹಾಯದ ವರ. ಅದು ನಿಜ, ಲೈನಿನಲ್ಲಿ ಯಾರಿಗೆ ಜ್ವರ ಬಂದರೂ ಅಪ್ಪನ ಸೈಕಲ್ಲು ಹೊರಡುತ್ತಿತ್ತು. "ವರ ಇದ್ರೆ ಸಾಲ್ದು ಕಣ್ಲಾ, ಅದಕ್ಕೆ ಹಗ್ಗಾನೂ ಹಾಕ್ಬೇಕು," ಎಂದು, ಅವ್ವನ ಮಾತಿಗೂ ಸಹಾಯಕ್ಕೆ ಹೋಗುವ ಮಗನನ್ನು ಛೇಡಿಸುತ್ತಿದ್ದಳು. ಅವ್ವನ ವರ ಯಾವುದಜ್ಜಿ ಎಂದು ನಾನು ಕೇಳಿದರೆ ಮಾತ್ರ, "ನೋಡ್ತಿರು," ಎಂದು ವೀಳ್ಯಕ್ಕೆ ಸುಣ್ಣ ಹಚ್ಚತೊಡಗುತ್ತಿದ್ದಳು. ಸಭೆಯ ಹೆಂಗಸರು ಅದನ್ನು ಆಗಲೇ ತೀರ್ಮಾನಿಸಿಯಾಗಿತ್ತು. ದಯಾಮಣಿಗೆ ಹಾಡುವ ವರ ಎಂದರು ಅವರು. ಕೀರ್ತನೆ ಹಾಡುವಾಗ ಅವ್ವನ ನಾಲಿಗೆ ಒಂದು ಕಡೆಯೂ ಎಡವುತ್ತಿರಲಿಲ್ಲ, ಅದೊಂದು ಸೋಜಿಗ. ಪ್ರಾರ್ಥನೆಯನ್ನೂ ರಾಗ ಹಾಕಿ ಹೇಳಿಬಿಡು ಮಾರಾಯ್ತಿ ಎಂದು ಅವಳ ತವರಿನವರೇ ಎಷ್ಟೋ ಸಲ ಹೇಳಿದ್ದರು. ಅವ್ವ ಒಪ್ಪಲಿಲ್ಲ. ಹಾಡುವುದು ಬೇರೆ, ಕರೆಯುವುದು ಬೇರೆ ಎಂದಳು. ಮೃದು ಹೆಂಗಸು, ಕೋಳಿಮರಿಯನ್ನೂ ಗದರಿದವಳಲ್ಲ, ಆದರೆ ಈ ಒಂದು ವಿಷಯಕ್ಕೆ ಬಂದರೆ ಬಂಡೆ.

ನಮ್ಮ ಸಭೆಯಲ್ಲಿ ಕಾಫಿ ಕುಯಿಲೂ ಗದ್ದೆ ಕೆಲಸವೂ ಮುಗಿದ ಮೇಲೆ ಸುಗ್ಗಿ ಹಬ್ಬ. ಮೊದಲ ಫಲಗಳನ್ನು ತಂದು ದೇವಾಲಯದಲ್ಲಿ ಇಡುವುದು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವನ್ನೇ ಹರಾಜು ಹಾಕುವುದು. ಆವತ್ತಿನ ಆರಂಭದ ಪ್ರಾರ್ಥನೆಯನ್ನು ವರ್ಷಕ್ಕೊಂದು ಮನೆಯ ಹೆಂಗಸು ಮಾಡಬೇಕು. ಆ ವರ್ಷ ಸರದಿ ನಮ್ಮ ಮನೆಯದು, ಅಜ್ಜಿ ಹಿಂದೆಯೇ ಮಾಡಿ ಆಗಿತ್ತು, ಆದ್ದರಿಂದ ಅವ್ವನದು. ಹಬ್ಬಕ್ಕೆ ಮುಂಚೆ ಮೂರು ಸಂಜೆ ಉಜ್ಜೀವನ ಕೂಟ ಇಟ್ಟಿದ್ದರು, ದೂರದಿಂದ ಒಬ್ಬ ಪ್ರಸಂಗಿಗಳು ಬಂದಿದ್ದರು. ವರಗಳ ಮೇಲೇ ಅವರ ಪ್ರಸಂಗ. ಗುಣಪಡಿಸುವ ವರ, ಭಾಷೆಗಳನ್ನಾಡುವ ವರ, ಪ್ರವಾದನೆಯ ವರ. ಕೇಳುತ್ತಿದ್ದರೆ ಮೈ ಜುಮ್ಮೆನ್ನುತ್ತಿತ್ತು, ಸುಳ್ಳು ಹೇಳಬಾರದು. ಕೊನೆಯ ಸಂಜೆ ಯಾರೋ ಅವ್ವನ ವಿಷಯ ಅವರ ಕಿವಿಗೆ ಹಾಕಿದರು. ಅವರು ಅವ್ವನನ್ನು ಮುಂದಕ್ಕೆ ಕರೆಸಿ, ತಲೆಯ ಮೇಲೆ ಎರಡೂ ಕೈಯಿಟ್ಟು, ನಾಲಿಗೆಯ ಕಟ್ಟು ಬಿಚ್ಚಲಿ ಎಂದು ದೊಡ್ಡ ದನಿಯಲ್ಲಿ ಪ್ರಾರ್ಥಿಸಿ, "ಈಗ ಕರೆಯಮ್ಮಾ, ದೇವರ ಹೆಸರನ್ನ, ಜೋರಾಗಿ!" ಎಂದರು. ಅವ್ವನ ಕತ್ತಿನ ನರ ಉಬ್ಬಿತು. ಅವರು ಇನ್ನೊಮ್ಮೆ ಎಂದರು. ಮತ್ತೂ ಒಮ್ಮೆ ಎಂದರು. ಕೊನೆಗೆ ಕೈ ತೆಗೆದು, ನಂಬಿಕೆ ಸಾಲದು ಎಂದು ಮೈಕಿನಲ್ಲೇ ಹೇಳಿ, ಮುಂದಿನವರನ್ನು ಕರೆದರು. ಅವ್ವ ಸೆರಗು ಸರಿಮಾಡಿಕೊಂಡು ಬಂದು ನನ್ನ ಪಕ್ಕ ಕೂತಳು. ಆ ಮನುಷ್ಯ ಈಗ ಬದುಕಿದ್ದಾರೋ ಇಲ್ಲವೋ, ಕ್ಷಮಿಸಬೇಕೆಂದು ನನಗೂ ಗೊತ್ತು, ಆದರೆ ಆ ಮೈಕಿನ ಮಾತು ನೆನಪಾದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಮಾರನೇ ಬೆಳಿಗ್ಗೆ ಸಭೆಯ ಹಿರಿಯರಾದ ಆನಂದಪ್ಪನವರು ಮನೆಗೆ ಬಂದರು. ಒಳ್ಳೆಯ ಮನುಷ್ಯ. ಕಾಫಿ ಲೋಟ ಹಿಡಿದುಕೊಂಡು ಅದೂ ಇದೂ ಮಾತಾಡಿ, ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಅವ್ವನ ಕಡೆ ನೋಡದೆ ಅಜ್ಜಿಗೆ ಹೇಳಿದರು. "ಹಬ್ಬದ ದಿನ ಜನ ಬಾಳ ಸೇರ್ತಾರೆ ಜ್ಞಾನಮ್ಮ. ಹುಡುಗೀಗೆ ಯಾಕೆ ಸುಮ್ನೆ ತೊಂದ್ರೆ? ನೀವೇ ಮಾಡ್ಬಿಡಿ." ಅಪ್ಪ ತಲೆ ತಗ್ಗಿಸಿದರು. ಹಾಗಾದರೆ ಒಳ್ಳೆಯದೇ ಎಂದು ಅವರ ಮುಖ ಹೇಳುತ್ತಿತ್ತು, ಹೆಂಡತಿ ಇನ್ನೊಮ್ಮೆ ನಾಲ್ಕು ಜನರ ಮುಂದೆ ನಿಲ್ಲುವುದು ಅವರಿಗೆ ಬೇಡವಾಗಿತ್ತು. ಅಜ್ಜಿ ಬಾಯಲ್ಲಿದ್ದ ವೀಳ್ಯ ಉಗಿದು ಬಂದು, "ಪಾಲು ಅವಳ್ದು. ಅವಳನ್ನೇ ಕೇಳಿ," ಎಂದಳು. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆನಂದಪ್ಪನವರ ಲೋಟ ಆರಿತು. "ನಾ... ನಾನೇ ಮಾಡ್ತೇನೆ," ಎಂದಳು. ಅಷ್ಟು ಹೇಳಿ ಒಳಗೆ ಹೋಗಿ ಅಕ್ಕಿ ಕೇರತೊಡಗಿದಳು. ಮೊರದ ಸದ್ದು ಆವತ್ತು ದಿನಕ್ಕಿಂತ ಜೋರಾಗಿತ್ತು.

ಆ ಭಾನುವಾರದ ದೇವಾಲಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಪ್ರಸಂಗಪೀಠದ ಸುತ್ತ ಕುಂಬಳಕಾಯಿ, ಬಾಳೆಗೊನೆ, ಮಣ್ಣು ಒರೆಸದ ಹಸಿ ಶುಂಠಿ, ಭತ್ತದ ತೆನೆ, ಹಣ್ಣಿನ ಸಮೇತ ಮುರಿದು ತಂದ ಕಾಫಿ ಕೊಂಬೆ, ಕಾಲು ಕಟ್ಟಿ ಹಾಕಿದ್ದ ಒಂದು ಹೇಟೆ ಕೋಳಿ. ಪ್ರಸಂಗಿಗಳೂ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅವ್ವ ಮದುವೆಯ ಸೀರೆ ಉಟ್ಟು ಮುಂದೆ ನಿಂತು ಕಣ್ಣು ಮುಚ್ಚಿದಳು. ದಕಾರದ ಮುಂದೆ ಬಂದಳು, ನಿಂತಳು. ಮೊದಲು ಎಲ್ಲರೂ ತಲೆ ಬಾಗಿಸಿಯೇ ಇದ್ದರು. ಆಮೇಲೆ ಒಬ್ಬರು ಕೆಮ್ಮಿದರು. ಬೆಂಚು ಕಿರುಗುಟ್ಟಿತು. ಹಿಂದಿನಿಂದ ಒಂದು ಹುಡುಗಿ ಕಿಸಕ್ಕೆಂದಳು, ಅವಳ ತಾಯಿ ಗಿಲ್ಲಿರಬೇಕು, ಸುಮ್ಮನಾದಳು. ಆ ನಿಶ್ಶಬ್ದದಲ್ಲಿ ಹೇಟೆ ಕೊಕ್ಕೊಕ್ಕೋ ಎಂದು ಶುರು ಮಾಡಿತು, ಅದಕ್ಕೆ ಅಡೆತಡೆಯೇ ಇರಲಿಲ್ಲ. ಆನಂದಪ್ಪನವರು ಮುಗಿಸಿಬಿಡೋಣವೇ ಎಂಬಂತೆ ಆಗಿನ ಅಯ್ಯನವರ ಕಡೆ ನೋಡಿದರು. ನನ್ನ ಅಪ್ಪ ಬೆಂಚಿನಿಂದ ಅರ್ಧ ಎದ್ದಿದ್ದರು, ಅವರ ತುಟಿ ಆಗಲೇ ದೀ ಎನ್ನುವುದಕ್ಕೆ ತೆರೆದಿತ್ತು. ಅಜ್ಜಿ ಮಗನ ಅಂಗಿಯ ಹಿಂಭಾಗ ಹಿಡಿದು ಎಳೆದು ಕೂರಿಸಿದಳು. ಆಮೇಲೆ ತಾನು ಎದ್ದು ನಿಂತಳು. ಸಭೆಯ ಕಡೆ ತಿರುಗಿ, ಆರಾಧನೆ ಎಂದೂ ನೋಡದೆ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು. "ದೇವರು ಮೊದ್ಲು ತನ್ನ ಹೆಸ್ರು ಹೇಳಿದ್ದು ಯಾರ್ಗೆ? ಮೋಶೆಗೆ ತಾನೆ? ಅವನ ನಾಲ್ಗೆ ಎಂಥದು? ನನ್ ಸೊಸೇದೇ. ಬೆಟ್ಟದ ಮೇಲೆ ದೇವರೇ ಕಾದ, ನಿಮ್ಗೇನವಸ್ರ? ಕಾಯಿರಿ."

ಕಾದರು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಒಂದು ಹಂತದಲ್ಲಿ ಏನೋ ಬದಲಾಯಿತು. ಕೆಮ್ಮು ನಿಂತಿತು, ಕಾಲಿನ ಸದ್ದು ನಿಂತಿತು. ಅವ್ವನ ಉಸಿರು ಒಳಗೆ ಹೋದಾಗ ನಾವೆಲ್ಲ ಉಸಿರು ಎಳೆದುಕೊಳ್ಳುತ್ತಿದ್ದೆವು. ಲೈನಿನ ತಮಿಳು ಹೆಂಗಸರು, ಮಲಯಾಳಿ ಬಡಗಿಗಳ ಮನೆಯವರು, ನಮ್ಮಂಥ ಹಾಸನದ ಕಡೆಯವರು, ಒಬ್ಬರ ಮಾತು ಒಬ್ಬರಿಗೆ ಅರ್ಧ ಅರ್ಥವಾಗುತ್ತಿದ್ದವರೆಲ್ಲ ಒಂದೇ ಅಕ್ಷರಕ್ಕಾಗಿ ಕಾಯುತ್ತ ಕೂತಿದ್ದೆವು. ಆಮೇಲೆ ಬಂತು. "ದೀರ್ಘಶಾಂತನೇ," ಎಂದಳು ಅವ್ವ, ಪೂರ್ತಿಯಾಗಿ, ಮುರಿಯದೆ. ಮುಂದಿನ ಪ್ರಾರ್ಥನೆ ಬಹಳ ಚಿಕ್ಕದು. ಫಲ ಕೊಟ್ಟದ್ದಕ್ಕೆ ಸ್ತೋತ್ರ, ನಮಗಾಗಿ ಕಾದದ್ದಕ್ಕೆ ಸ್ತೋತ್ರ, ಅಷ್ಟೇ. ಆಮೆನ್ ಎಂದು ಸಭೆ ಹೇಳಿದಾಗ ಹೇಟೆಯೂ ಬೆಚ್ಚಿ ಸುಮ್ಮನಾಯಿತು. ಪ್ರಸಂಗಿಗಳ ಮುಖ ನೋಡಬೇಕೆಂದುಕೊಂಡಿದ್ದೆ, ನೋಡಲು ಮರೆತೇ ಹೋಯಿತು. ನಾನು ಅವ್ವನನ್ನೇ ನೋಡುತ್ತಿದ್ದೆ.

ಹರಾಜಿನಲ್ಲಿ ಆ ಹೇಟೆಯನ್ನು ಅಜ್ಜಿ ಹಟ ಹಿಡಿದು ಕೂಗಿ ತೆಗೆದುಕೊಂಡಳು, ನನ್ ಸೊಸೆ ಪ್ರಾರ್ಥನೆಗೆ ಅಡ್ಡ ಬಂದದ್ದನ್ನ ಬಿಟ್ಟೇನಾ ಎಂದಳು. ಸಂಜೆ ಅದರ ಸಾರಾಯಿತು. ಸರದಿ ಅವ್ವನ ಹತ್ತಿರ ಬಂದಾಗ ಅವಳು ಮತ್ತೆ ದಕಾರದ ಮುಂದೆ ನಿಂತಳು, ಬೆಳಿಗ್ಗೆ ಏನೂ ನಡೆದೇ ಇಲ್ಲವೆಂಬಂತೆ. ಕಟ್ಟೇನೂ ಬಿಚ್ಚಿರಲಿಲ್ಲ ನೋಡಿ. ಸಾರು ಆರಿತು. ಆಮೆನ್ ಆದ ಮೇಲೆ ಅಜ್ಜಿ ನನ್ನ ಕಡೆ ತಿರುಗಿ, "ಅವ್ವನ ವರ ಯಾವ್ದು ಅಂತಿದ್ದಲ್ಲ, ಕಂಡ್ಯಾ? ವರ ಇರೋದು ಇಟ್ಕೊಂಡೋರಿಗಲ್ಲ, ಪಕ್ದೋರಿಗೆ. ಕಾಯಕ್ಕೆ ಬರ್ದಿರೋ ಜನಾನ ಕಾಯಂಗೆ ಮಾಡಿದ್ಲು," ಎಂದಳು. ಅವ್ವ ನಾಚಿಕೊಂಡು ಸಾರು ಬಿಸಿ ಮಾಡಲು ಎದ್ದುಹೋದಳು.

ಅಜ್ಜಿ ಹೋದಳು, ಅವಳ ಪಾಲಿನ ಹೆಸರು ನಡುಮನೆಯಲ್ಲಿ ಯಾರೂ ಕರೆಯದೆ ಉಳಿಯಿತು. ಎಸ್ಟೇಟು ಕೈ ಬದಲಾಯಿಸಿತು. ಕ್ವಾರ್ಟರ್ಸ್ ಕೆಡವಿ ಈಗ ಅಲ್ಲಿ ಹೋಂಸ್ಟೇಗೆ ಬರುವವರ ಕಾರು ನಿಲ್ಲಿಸುತ್ತಾರೆ. ನಮ್ಮ ಚಾಪೆ ಹಾಸುತ್ತಿದ್ದ ಜಾಗ ಇದೇ ಇರಬೇಕೆಂದು ಒಮ್ಮೆ ಹೋಗಿ ನಿಂತಿದ್ದೆ, ಕಾವಲಿನವನು ಯಾರು ಬೇಕು ಮೇಡಂ ಎಂದ. ಯಾರು ಬೇಕೆಂದು ಹೇಳುವುದು? ಪ್ರಕಾಶ ಹುಣಸೂರಿನಲ್ಲಿ ವರ್ಕ್‌ಶಾಪ್ ಇಟ್ಟಿದ್ದಾನೆ. ಅಪ್ಪ ಅವ್ವ ಕೊನೆಯ ವರ್ಷಗಳನ್ನು ಈ ಕುಶಾಲನಗರದ ಮನೆಯಲ್ಲಿ ನಮ್ಮ ಜೊತೆಯೇ ಕಳೆದರು. ಅವ್ವ ಹಾಸಿಗೆ ಹಿಡಿದ ಮೇಲೆ ನಾವು ಅವಳ ಮಂಚದ ಸುತ್ತ ಪ್ರಾರ್ಥನೆಗೆ ಕೂರುತ್ತಿದ್ದೆವು. ಒಂದು ಸಂಜೆ, ನಾನು ನನ್ನದನ್ನು ಕರೆದೆ, ನನ್ನ ಗಂಡ ಅವರದನ್ನು, ಅಪ್ಪ ತಮ್ಮದನ್ನು. ಸರದಿ ಅವ್ವನಿಗೆ ಬಂತು. ತುಟಿ ತೆರೆಯಿತು, ನಾಲಿಗೆ ಹಲ್ಲಿಗೆ ತಾಗಿತು, ಅಲ್ಲೇ ನಿಂತಿತು. ಮೈಯಲ್ಲಿ ನೂಕುವ ಶಕ್ತಿ ಇರಲಿಲ್ಲ. ಅಪ್ಪ ಬಗ್ಗಿ ಅವಳ ಕೈ ಹಿಡಿದು, ಜೀವಮಾನವಿಡೀ ತಡೆದುಕೊಂಡದ್ದನ್ನು ಕೇಳಿದರು. "ದಯಾ, ನಾ ಹೇಳ್ಲೇನೆ?" ಗದರಲು ಅಜ್ಜಿ ಇರಲಿಲ್ಲ. ಅವ್ವ ಅವರನ್ನು ನೋಡಿದಳು, ಎಂಥ ಪ್ರೀತಿಯಿಂದ ನೋಡಿದಳು, ಮತ್ತೆ ತಲೆಯನ್ನು ಒಂದಿಷ್ಟೇ ಆಡಿಸಿದಳು, ಬೇಡ ಎಂದು. ಅಪ್ಪ ಸುಮ್ಮನೆ ಕೂತರು. ನಾವೂ ಕೂತೆವು. ಕಾಯುತ್ತಿದ್ದ ಹಾಗೇ ಅವ್ವ ನಿದ್ದೆಗೆ ಜಾರಿದಳು, ಮತ್ತೆ ಎಚ್ಚರವಾಗಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ನನ್ನ ಬಾಯಿಂದ ಅಭ್ಯಾಸಬಲದಿಂದ ಆಮೆನ್ ಬರಲಿದ್ದಾಗ ಅಪ್ಪ ಕೈ ಎತ್ತಿ ತಡೆದರು. "ಅವಳದಿನ್ನೂ ಆಗಿಲ್ಲ ಮಗಾ," ಎಂದರು. ಅಪ್ಪನೂ ಹೋದರು, ಆದರೆ ಆ ಎತ್ತಿದ ಕೈಯನ್ನು ನಾನು ಇಳಿಸಿಲ್ಲ. ಇಳಿಸುವುದೂ ಇಲ್ಲ, ಅಯ್ಯನವರು ಏನೇ ಅಂದುಕೊಳ್ಳಲಿ.

ನಿನ್ನೆ ಸಂಜೆಯೂ ಕೂತೆವು. ನನ್ನನ್ನು ನೋಡುವ ದೇವರೇ ಎಂದು ನಾನು ಕರೆದೆ. ನನ್ನ ಗಂಡ ಅವರ ಪಾಲನ್ನು ಕರೆದರು. ಆಮೇಲೆ ಇಬ್ಬರೂ ಸುಮ್ಮನೆ ಕಣ್ಣು ಮುಚ್ಚಿಕೊಂಡೆವು. ಬೈಪಾಸಿನಲ್ಲಿ ಲಾರಿಗಳು ಹೋಗುತ್ತಿದ್ದವು, ಅಡುಗೆಮನೆಯಿಂದ ಆ ವಾಸನೆ ಮೆಲ್ಲಗೆ ಬರತೊಡಗಿತ್ತು. "ಸಾರು ಆರ್ತಿದೆ ಕಣೇ, ಬಿಸಿಗಿಡ್ಲಾ?" ಎಂದರು ಅವರು.

"ಇರಿ," ಎಂದೆ. "ಅವ್ವ ಕರೀತಿದ್ದಾಳೆ."